ಮೂರು ಮಳೆಗಾಲ ಕಂಡ ನಮ್ಮ ಮನೆಯ ಡಿಹ್ಯುಮಿಡಿಫೈಯರ್

ಕೋಣೆಯ ಗಾಳಿಯ ತೇವವನ್ನು ಹೀರಿ ತನ್ನ ತೊಟ್ಟಿಯಲ್ಲಿ ನೀರಾಗಿ ಹಿಡಿಯುವ ಈ ಯಂತ್ರ ತೀರ್ಥಹಳ್ಳಿಯ ನಮ್ಮ ತಾರಸಿ ಮನೆಯಲ್ಲಿ ಮೂರು ಮಳೆಗಾಲ ಕಳೆದಿದೆ. ಇದನ್ನು ಕೊಂಡದ್ದು ಬಟ್ಟೆಬರೆಗಾಗಿ ಅಲ್ಲ, ಮಗಳಿಗಾಗಿ. ಅವಳಿಗೆ ಐದು ವರ್ಷವಿದ್ದಾಗ ಆರಿದ್ರಾ ಮಳೆ ಹಿಡಿದ ಮೇಲೆ ಒಣಕೆಮ್ಮು ಶುರುವಾಗಿ, ನಸುಕಿನ ಮೂರರ ಹೊತ್ತಿಗೆ ಎದೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಮಕ್ಕಳ ವೈದ್ಯರು ಉಬ್ಬಸವೆಂದು ಗುರುತಿಸಿ ಇನ್ಹೇಲರ್ ಬರೆದುಕೊಟ್ಟರು. ಮಗು ಮಲಗುವ ಕೋಣೆಯಲ್ಲಿ ಬೂಷ್ಟು ಹಿಡಿದಿದೆಯೇ ಎಂದೂ ಕೇಳಿದರು. ಹಿಡಿದಿತ್ತು. ಅಲರ್ಜಿಯ ಪ್ರವೃತ್ತಿಯುಳ್ಳ ಮಕ್ಕಳಲ್ಲಿ, ಬೂಷ್ಟಿನ ಬೀಜಾಣುಗಳು ಉಸಿರಿನೊಂದಿಗೆ ಒಳಹೋದರೆ ಶ್ವಾಸನಾಳದ ಒಳಪದರ ಊದಿಕೊಳ್ಳುತ್ತದೆ, ಮಕ್ಕಳ ಶ್ವಾಸನಾಳ ಮೊದಲೇ ಕಿರಿದಾದ್ದರಿಂದ ಸ್ವಲ್ಪ ಊತವೂ ಉಸಿರು ಕಟ್ಟಿಸುತ್ತದೆ ಎಂದು ಅವರು ವಿವರಿಸಿದರು.

ಮೊದಲು 4,000 ರೂಪಾಯಿಯ ಚಿಕ್ಕದೊಂದನ್ನು ತಂದಿದ್ದೆವು. ಅದು ದಿನಕ್ಕೆ ಒಂದು ಲೋಟದಷ್ಟೇ ನೀರು ಹಿಡಿಯುತ್ತಿತ್ತು. ಅಡಿಕೆ ಮಾರಿದ ಹಣ ಬಂದಾಗ 19,000 ರೂಪಾಯಿಗೆ ಫ್ರಿಜ್ಜಿನಲ್ಲಿರುವಂಥ ಕಂಪ್ರೆಸರ್ ಇರುವುದನ್ನು ಕೊಂಡೆವು. ಮಲೆನಾಡಿನ ಮಳೆಗೆ ಇದಕ್ಕಿಂತ ಅಗ್ಗದ್ದು ನಡೆಯದು.

ರಾತ್ರಿ ಒಂಬತ್ತಕ್ಕೆ ಕಿಟಕಿ ಬಾಗಿಲು ಮುಚ್ಚಿ ಯಂತ್ರ ಹಾಕುವಾಗ ಅದರ ಮೇಲಿನ ಅಂಕಿ ತೇವಾಂಶ ಶೇಕಡಾ 88 ಎಂದು ತೋರಿಸುತ್ತದೆ. ಬೆಳಗಿನ ಹೊತ್ತಿಗೆ ಅದು 60ಕ್ಕಿಂತ ಕೆಳಗಿಳಿದಿದ್ದರೆ ನನಗೆ ನೆಮ್ಮದಿ, ಏಕೆಂದರೆ ಆ ಮಟ್ಟದಲ್ಲಿ ಬೂಷ್ಟು ಹಬ್ಬುವುದು ಕಷ್ಟ. ಹಲ್ಲುಜ್ಜುವ ಮೊದಲೇ ಮಗಳು ನನ್ನನ್ನು ಕರೆದು ತೊಟ್ಟಿಯನ್ನು ಹೊರಗೆಳೆಸುತ್ತಾಳೆ, ನೀರನ್ನು ಚೊಂಬಿನಿಂದ ಅಳೆದು ಬಚ್ಚಲಿಗೆ ಸುರಿಯುತ್ತಾಳೆ, ಎಷ್ಟು ಚೊಂಬಾಯಿತೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ. "ಅಪ್ಪಯ್ಯ, ಇಷ್ಟೂ ನೀರು ನನ್ನ ಕೋಣೆಯಲ್ಲೇ ಇತ್ತಾ?" ಎಂದು ಅವಳು ಮೊದಲ ದಿನ ಕೇಳಿದ್ದು ಇನ್ನೂ ನೆನಪಿದೆ.

ಎರಡನೆಯ ವರ್ಷ ನನ್ನ ಉತ್ಸಾಹ ಇಳಿಯಿತು. ಆಶ್ಲೇಷಾ ಮಳೆ ನಾಲ್ಕು ದಿನ ಬಿಡುವು ಕೊಟ್ಟು ಬಿಸಿಲು ಬಿದ್ದಿತ್ತು, ಜಗಲಿಯಲ್ಲಿ ಬಟ್ಟೆ ಗರಿಗರಿಯಾಗಿ ಒಣಗುತ್ತಿತ್ತು. ಆದರೂ ಕ್ಯಾಲೆಂಡರಿನಲ್ಲಿ ಚೊಂಬಿನ ಲೆಕ್ಕ ಒಂದಿಷ್ಟೂ ಇಳಿದಿರಲಿಲ್ಲ. ಅನುಮಾನ ಬಂದು ಕಬ್ಬಿಣದ ಬೀರುವನ್ನು ಸರಿಸಿ ನೋಡಿದರೆ, ಅದರ ಹಿಂದಿನ ಗೋಡೆ ಸೊಂಟದೆತ್ತರಕ್ಕೆ ಕಪ್ಪಾಗಿತ್ತು. ಹೊರಗೆ ಸಜ್ಜಾ ಗೋಡೆಗೆ ಸೇರುವಲ್ಲಿ ಬಿರುಕು ಬಿಟ್ಟು ಗೋಡೆ ನೀರು ಕುಡಿಯುತ್ತಿತ್ತು. ಒಂದು ವರ್ಷಕ್ಕೂ ಹೆಚ್ಚು ಕಾಲ ನಾನು ಗಾಳಿಯನ್ನು ಒಣಗಿಸುತ್ತ, ಮಗುವನ್ನು ಆ ಗೋಡೆಯ ಪಕ್ಕದಲ್ಲೇ ಮಲಗಿಸಿದ್ದೆ. ಈ ಸಂಕಟ ಇವತ್ತಿಗೂ ಹೋಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ 2009ರಲ್ಲಿ ಹೊರತಂದ ಮಾರ್ಗಸೂಚಿಯೂ ತೇವ ನಿಲ್ಲದಂತೆ ತಡೆಯುವುದೇ ಮುಖ್ಯವೆನ್ನುತ್ತದೆ. ಯಂತ್ರ ಮಾರುವವರು ಇದನ್ನು ನನಗೆ ಹೇಳಲಿಲ್ಲ.

ಮಗಳನ್ನು ಅಜ್ಜಿಯ ಮನೆಗೆ ಕಳಿಸಿ, ಮೂಗಿಗೆ ಮಾಸ್ಕ್ ಕಟ್ಟಿ, ಗೋಡೆಯನ್ನು ಸೋಪಿನ ನೀರಿನಲ್ಲಿ ನೆನೆಸಿ ಉಜ್ಜಿ ಒರೆಸಿದೆವು. ಒಣಗಿದ್ದಾಗ ಕೆರೆದರೆ ಬೀಜಾಣುಗಳು ಕೋಣೆಯೆಲ್ಲ ಹರಡುತ್ತವೆ. ಬ್ಲೀಚಿಂಗ್ ಹಾಕಿ ಸಾಯಿಸಿದರೂ ಸತ್ತ ಬೂಷ್ಟು ಅಲರ್ಜಿ ತರುತ್ತದೆ, ಆದ್ದರಿಂದ ಅದನ್ನು ತೆಗೆದುಹಾಕಲೇಬೇಕು. ಹಿಂದೆ ನಾವು ಮಾಡಿದ್ದಂತೆ ಮೇಲೆ ಬಣ್ಣ ಬಳಿದರೆ ಅದು ಮುಂದಿನ ಮಳೆಗೆ ಚಕ್ಕೆಯೆದ್ದು ಬರುತ್ತದೆ. ಬಿರುಕು ಮುಚ್ಚಿಸಿ ಗಾರೆ ಮಾಡಿಸಲು 11,000 ರೂಪಾಯಿ ಆಯಿತು. ಆ ಹಣವನ್ನು ಯಂತ್ರಕ್ಕಿಂತ ಮೊದಲು ಖರ್ಚು ಮಾಡಬೇಕಿತ್ತು.

ಈ ವರ್ಷ ಪುನರ್ವಸು ಮಳೆಯಲ್ಲೂ ಕ್ಯಾಲೆಂಡರಿನ ಲೆಕ್ಕ ಹಿಂದಿನದರ ಅರ್ಧಕ್ಕೆ ನಿಂತಿದೆ. ಮಗಳು ಕೆಮ್ಮಿ ಏಳುವ ರಾತ್ರಿಗಳು ಬಹಳ ಕಡಿಮೆಯಾಗಿವೆ. ಅವಳು ಬೆಳೆದಿದ್ದಾಳೆ, ಇನ್ಹೇಲರನ್ನೂ ವೈದ್ಯರು ಹೇಳಿದಂತೆ ಮುಂದುವರಿಸಿದ್ದೇವೆ. ಆದ್ದರಿಂದ ಎಲ್ಲ ಶ್ರೇಯಸ್ಸನ್ನೂ ಯಂತ್ರಕ್ಕೆ ಕೊಡಲಾರೆ. ಆದರೂ ಹಾಸಿಗೆಯ ಮುಗ್ಗಲು ವಾಸನೆ ಹೋಗಿದೆ, ಮಳೆಗಾಲದಲ್ಲಿ ಅವಳ ದಿಂಬು ಒಣಗಿರುತ್ತದೆ.

ನಾನು ಕ್ಷಮಿಸಲಾಗದ ದೋಷ ಒಂದಿದೆ. ನಮ್ಮಲ್ಲಿ ಗಾಳಿಮಳೆಗೆ ರಾತ್ರಿ ಎರಡು ಮೂರು ಸಲ ಕರೆಂಟು ಹೋಗುತ್ತದೆ. ಮರಳಿ ಬಂದಾಗ ಈ ಯಂತ್ರ ತಾನಾಗಿ ಚಾಲೂ ಆಗುವುದಿಲ್ಲ. ಅದರ ಗುಂಯ್ ಸದ್ದು ನಿಂತ ಕೂಡಲೇ ನನಗೆ ಎಚ್ಚರವಾಗುತ್ತದೆ. ಎದ್ದುಹೋಗಿ ಗುಂಡಿ ಒತ್ತಿ, ಮಗಳ ಉಸಿರಿಗೆ ಸ್ವಲ್ಪ ಹೊತ್ತು ಕಿವಿಗೊಟ್ಟು ಬಂದು ಮಲಗುತ್ತೇನೆ. ಕೊಳ್ಳುವವರು ಅಂಗಡಿಯಲ್ಲೇ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿ ನೋಡಿಕೊಳ್ಳಿ.