ಕೀಮೋ ನಂತರದ ಜೋಮು, ಉರಿ: ಸೂಜಿ, ಮುಲಾಮು, ವ್ಯಾಯಾಮ ಮೂರನ್ನೂ ಮಾಡಿ ನೋಡಿದೆ

ಕ್ಯಾನ್ಸರಿಗೆ ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕೀಮೋ ಔಷಧಿ, ವಾರಕ್ಕೊಂದರಂತೆ 12 ಸಲ ಅಂತ ಬರೆದುಕೊಟ್ಟಿದ್ದರು. ಅದು ಕೈಕಾಲಿನ ನರಕ್ಕೂ ಪೆಟ್ಟು ಕೊಡುತ್ತದೆ. ಏಳನೇ ವಾರಕ್ಕೆ ಬೆರಳ ತುದಿ ಜುಮ್ಮೆನ್ನತೊಡಗಿತು. ಕೀಮೋ ಅಂದಮೇಲೆ ಇದೆಲ್ಲ ಇದ್ದದ್ದೇ ಅಂದುಕೊಂಡು ಸುಮ್ನೆ ಇದ್ದೆ. ಒಂಬತ್ತನೇ ವಾರ ಒಂದು ದಿನ ಚಪ್ಪಲಿ ಕಾಲಿಂದ ಕಳಚಿಕೊಂಡಿದ್ದೇ ಗೊತ್ತಾಗಲಿಲ್ಲ. ಬರಿಗಾಲಲ್ಲಿ ಹತ್ತು ಹೆಜ್ಜೆ ನಡೆದ ಮೇಲೆ ಕೆಳಗೆ ನೋಡಿದೆ. ಅವತ್ತು ಡಾಕ್ಟರಿಗೆ ಹೇಳಿದೆ, ಅವರು ಡೋಸ್ ಇಳಿಸಿದರು. ಎರಡು ವಾರ ಮೊದಲೇ ಹೇಳಬೇಕಿತ್ತು. ಡೋಸ್ ಇಳಿಸುವುದು, ಮುಂದೂಡುವುದು, ಔಷಧಿ ಬದಲಿಸುವುದು ಎಲ್ಲ ಅವರ ಕೈಯಲ್ಲಿದೆ. ಆದರೆ ನಾವು ಬಾಯಿ ಬಿಡಬೇಕು, ಅಲ್ವಾ?

ಕೀಮೋ ಮುಗಿದ ಮೇಲೆ ಡಾಕ್ಟರನ್ನು ಕೇಳಿಕೊಂಡೇ ಒಂದೊಂದಾಗಿ ಶುರು ಮಾಡಿದೆ. ಎಲ್ಲ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಮೂರು ಅಳತೆ ಇಟ್ಟುಕೊಂಡೆ. ರಾತ್ರಿಯ ಉರಿಗೆ ಹತ್ತರಲ್ಲಿ ಎಷ್ಟು ಅಂಕ, ಅಂಗಿಯ ಐದು ಗುಂಡಿ ಹಾಕಲು ಎಷ್ಟು ಹೊತ್ತು, ಗೋಡೆ ಹಿಡಿಯದೆ ಒಂಟಿ ಕಾಲಲ್ಲಿ ಎಷ್ಟು ಸೆಕೆಂಡ್. ಹೀಗೆ ಬರೆದಿಡುತ್ತಾ ಹೋದಾಗ ಒಂದು ವಿಷಯ ಹೊಳೆಯಿತು. ಉರಿ ಬೇರೆ, ಮರಗಟ್ಟುವುದು ಬೇರೆ. ಒಂದಕ್ಕೆ ಆಗಿಬರುವ ಉಪಾಯ ಇನ್ನೊಂದಕ್ಕೆ ಆಗಿಬರಲೇ ಇಲ್ಲ.

ಮೊದಲು ಮುಲಾಮು. ಎರಡು ವಾರ ಬಲಗಾಲಿಗೆ ಮೆಂಥಾಲ್, ಎಡಗಾಲಿಗೆ ಕ್ಯಾಪ್ಸೈಸಿನ್ ಹಚ್ಚಿದೆ. ಮೆಂಥಾಲ್ ಚರ್ಮದಲ್ಲಿ ತಂಪನ್ನು ಗುರುತಿಸುವ ನರಗಳನ್ನು ಎಬ್ಬಿಸುತ್ತದೆ. ಹಚ್ಚಿದ ಕೂಡಲೇ ಹಾಯೆನಿಸುತ್ತದೆ. ಒಂದು ಗಂಟೆ ಕಳೆದರೆ ಮತ್ತೆ ಅದೇ ಉರಿ, ಆದರೆ ನಿದ್ದೆ ಹತ್ತಲು ಆ ಒಂದು ಗಂಟೆ ಸಾಕಿತ್ತು. ಕ್ಯಾಪ್ಸೈಸಿನ್ ಅಂದರೆ ಮೆಣಸಿನಕಾಯಿಯ ಖಾರ. ಮೊದಲು ಉರಿಸಿ, ದಿನ ಕಳೆದಂತೆ ನೋವಿನ ನರವನ್ನು ಮಂಕು ಮಾಡುತ್ತದೆ ಅನ್ನುವುದು ಅದರ ಲೆಕ್ಕ. ನನಗೆ ಆ ಮೊದಲ ಉರಿಯೇ ತಡೆಯಲಾಗಲಿಲ್ಲ. ಜೊತೆಗೆ ಬೆರಳು ಮರಗಟ್ಟಿದ್ದರಿಂದ ಕೈ ತೊಳೆದ ಮೇಲೂ ಉಗುರ ಸಂದಿಯಲ್ಲಿ ಮುಲಾಮು ಉಳಿದದ್ದು ತಿಳಿಯಲಿಲ್ಲ. ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡೆ. ಅರ್ಧ ಗಂಟೆ ನೀರು ಹಾಕುತ್ತಾ ಕೂತಿದ್ದೆ. ಸ್ಪರ್ಶ ಇಲ್ಲದವರು ಕೈಗವಸು ಹಾಕದೆ ಇದನ್ನು ಮುಟ್ಟಲೇಬಾರದು.

ಆಮೇಲೆ ಅಕ್ಯುಪಂಕ್ಚರ್, ಅಂದರೆ ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆ. ಆರು ವಾರ, ವಾರಕ್ಕೊಮ್ಮೆ. ಹೋಗುವ ಮುಂಚೆ ರಕ್ತ ಪರೀಕ್ಷೆಯಲ್ಲಿ ಬಿಳಿ ಕಣ, ಪ್ಲೇಟ್‌ಲೆಟ್ ಸರಿಯಿದೆಯೇ ನೋಡಿಸಿದೆ. ಅವು ಕಡಿಮೆ ಇದ್ದಾಗ ಸೂಜಿಯಿಂದ ಸೋಂಕು, ರಕ್ತಸ್ರಾವದ ಭಯ. ಮೊದಲ ಎರಡು ವಾರ ಏನೂ ಅನ್ನಿಸಲಿಲ್ಲ. ಮೂರನೇ ವಾರದಿಂದ ರಾತ್ರಿಯ ಉರಿ ಏಳರಿಂದ ನಾಲ್ಕಕ್ಕೆ ಇಳಿಯಿತು. ಮೂರು ದಿನ ಚೆನ್ನಾಗಿರುತ್ತಿತ್ತು, ಆಮೇಲೆ ನಿಧಾನವಾಗಿ ಏರುತ್ತಿತ್ತು. ಗುಂಡಿಯ ಲೆಕ್ಕ ಮಾತ್ರ ಅಲ್ಲಾಡಲಿಲ್ಲ. ಇದರ ಬಗ್ಗೆ ಸಣ್ಣ ಅಧ್ಯಯನಗಳಲ್ಲಿ ಒಳ್ಳೆಯ ಫಲ ಕಂಡಿದೆ. ಆದರೂ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ 2020ರ ಮಾರ್ಗಸೂಚಿಯಲ್ಲಿ, ಶಿಫಾರಸು ಮಾಡುವಷ್ಟು ಪುರಾವೆ ಇನ್ನೂ ಇಲ್ಲ ಎಂದಿತು. ಅದೇ ಮಾರ್ಗಸೂಚಿ ನೋವಿಗೆ ಹೇಳುವ ಒಂದೇ ಮಾತ್ರೆ ಡುಲಾಕ್ಸೆಟಿನ್. ಅದನ್ನು ಡಾಕ್ಟರೇ ಕೊಡಬೇಕು.

ವ್ಯಾಯಾಮದ ಮೇಲೆ ನನಗೆ ನಂಬಿಕೆಯೇ ಇರಲಿಲ್ಲ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದು ತೀರಾ ಸಾಮಾನ್ಯ. ಒಂಟಿ ಕಾಲಲ್ಲಿ ನಿಲ್ಲುವುದು, ಹಿಮ್ಮಡಿಗೆ ಬೆರಳು ತಾಗಿಸಿ ಗೆರೆ ಮೇಲೆ ನಡೆಯುವುದು, ಮಡಚಿದ ಕಂಬಳಿಯ ಮೇಲೆ ನಿಂತು ಕಣ್ಣು ಮುಚ್ಚುವುದು. ಮೊದಲ ದಿನ ಕಣ್ಣು ಮುಚ್ಚಿದ ಕೂಡಲೇ ಗೋಡೆಗೆ ವಾಲಿದೆ. ಆವರೆಗೆ ನೆಲವನ್ನು ಪಾದದಿಂದಲ್ಲ, ಕಣ್ಣಿಂದ ತಿಳಿಯುತ್ತಿದ್ದೆ ಅಂತ ಆಗಲೇ ಗೊತ್ತಾದದ್ದು. ಬೀಳದಂತೆ ಪಕ್ಕದಲ್ಲಿ ಯಾರಾದರೂ ಇರಲೇಬೇಕು. ದಿನಕ್ಕೆ ಹದಿನೈದು ನಿಮಿಷ, ಆರು ವಾರ. ಒಂಟಿ ಕಾಲಲ್ಲಿ ನಿಲ್ಲುವುದು ನಾಲ್ಕು ಸೆಕೆಂಡ್ ಇದ್ದದ್ದು ಇಪ್ಪತ್ತೆರಡಕ್ಕೆ ಬಂತು. ಮೆಟ್ಟಿಲು ಇಳಿಯುವಾಗಿನ ಹೆದರಿಕೆ ಹೋಯಿತು. ಉರಿ ಒಂದು ಅಂಕವೂ ಕಡಿಮೆಯಾಗಲಿಲ್ಲ. ಆದರೂ ಒಂದನ್ನೇ ಇಟ್ಟುಕೋ ಅಂದರೆ ಇದನ್ನೇ ಇಟ್ಟುಕೊಳ್ಳುತ್ತೇನೆ. ನರ ತಾನಾಗಿಯೂ ನಿಧಾನಕ್ಕೆ ಚೇತರಿಸಿಕೊಳ್ಳುತ್ತದೆ, ಹಾಗಾಗಿ ಪೂರ್ತಿ ವ್ಯಾಯಾಮದ್ದೇ ಗುಣ ಅನ್ನಲಾರೆ.

ಪರಿಚಯದವರೊಬ್ಬರು ಅಸಿಟೈಲ್ ಎಲ್ ಕಾರ್ನಿಟಿನ್ ಮಾತ್ರೆ ತಗೋ ಅಂದರು, ನರಕ್ಕೆ ಒಳ್ಳೆಯದಂತೆ. ಡಾಕ್ಟರು ಖಡಾಖಂಡಿತವಾಗಿ ಬೇಡ ಅಂದರು. 2013ರಲ್ಲಿ ಪ್ರಕಟವಾದ, 409 ಮಹಿಳೆಯರ ಮೇಲೆ ನಡೆದ ಪರೀಕ್ಷೆಯಲ್ಲಿ ಅದನ್ನು ತಗೊಂಡವರಿಗೆ 24 ವಾರಗಳಲ್ಲಿ ತೊಂದರೆ ಜಾಸ್ತಿಯೇ ಆಗಿತ್ತು. ಮನೆಗೆ ಬಂದು ನನ್ನ ವಿಟಮಿನ್ ಡಬ್ಬಿ ತಿರುಗಿಸಿ ನೋಡಿದೆ. ಒಂದು ಮಾತ್ರೆಯಲ್ಲಿ ಬಿ6 100 ಮಿಲಿಗ್ರಾಂ! ಬಿ6 ಹೆಚ್ಚಾದರೆ ಅದೇ ನರವನ್ನು ಹಾಳು ಮಾಡುತ್ತದೆ. ಡಾಕ್ಟರಿಗೆ ತೋರಿಸಿ ಅವತ್ತೇ ನಿಲ್ಲಿಸಿದೆ.

ಮಾಡಿ ನೋಡಲಾಗದೆ ಉಳಿದದ್ದು ತಣ್ಣನೆಯ ಕೈಗವಸು, ಕಾಲುಚೀಲ. 2018ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಏರಿಸುವಾಗ ಒಂದು ಬದಿಯ ಕೈಕಾಲಿಗೆ ಮಾತ್ರ ಅವನ್ನು ಹಾಕಿದ್ದರು. ಆ ಬದಿಯಲ್ಲಿ ಜೋಮು ಕಡಿಮೆ ಇತ್ತು. ಕೊನೆಗೆ ಲೆಕ್ಕಕ್ಕೆ ತಗೊಂಡದ್ದು 36 ಜನರನ್ನು ಅಷ್ಟೇ, ಆದರೂ ಕೀಮೋ ಇನ್ನೂ ಶುರುವಾಗದವರು ಮೊದಲ ದಿನವೇ ಇದರ ಬಗ್ಗೆ ಕೇಳಿ. ಆಕ್ಸಾಲಿಪ್ಲಾಟಿನ್ ಅನ್ನುವ ಇನ್ನೊಂದು ಕೀಮೋ ಔಷಧಿ ತಗೊಳ್ಳುವವರಿಗೆ ಇದು ಸಲ್ಲದು, ಅವರಿಗೆ ತಣ್ಣನೆಯದು ಮುಟ್ಟಿದರೇ ನೋವು ಏಳುತ್ತದೆ.

ಈಗ ಐದು ಗುಂಡಿಗೆ ಒಂದು ನಿಮಿಷ ಹತ್ತು ಸೆಕೆಂಡ್. ಎಡಗಾಲಿನ ಎರಡು ಬೆರಳು ಇನ್ನೂ ನನ್ನದಲ್ಲ ಅನ್ನಿಸುತ್ತದೆ. ಮಲಗುವ ಮುಂಚೆ ಕನ್ನಡಿ ಹಿಡಿದು ಅಂಗಾಲಿನಲ್ಲಿ ಗಾಯ ಇದೆಯೇ ಅಂತ ನೋಡಿಕೊಳ್ಳುತ್ತೇನೆ, ಮೆಂಥಾಲ್ ಹಚ್ಚುತ್ತೇನೆ, ದೀಪ ಆರಿಸುತ್ತೇನೆ.