ದುರ್ಗ, ಮಡಿಕೇರಿ, ಹಂಪಿ: ಮೂರು ಐತಿಹಾಸಿಕ ಕಾದಂಬರಿಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು?

ಕಪಾಟಿನಲ್ಲಿ ಒಂದೇ ಒಂದು ಐತಿಹಾಸಿಕ ಕಾದಂಬರಿಗೆ ಜಾಗ ಇದ್ದರೆ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಕೊಳ್ಳಿ. ಇದನ್ನು ಕೊನೆಗೆ ಹೇಳೋಣವೆಂದು ಬಚ್ಚಿಡುವುದರಲ್ಲಿ ಅರ್ಥವಿಲ್ಲ. ತ.ರಾ.ಸು. ಅವರ ‘ದುರ್ಗಾಸ್ತಮಾನ’, ವಸುಧೇಂದ್ರರ ‘ತೇಜೋ ತುಂಗಭದ್ರಾ’ ಮತ್ತು ಇದು, ಮೂರನ್ನೂ ಈಚೆಗೆ ಕೊಂಡು ಒಂದರ ಹಿಂದೊಂದು ಓದಿದ್ದೇನೆ. ಮೂರೂ ಒಳ್ಳೆಯ ಕಾದಂಬರಿಗಳೇ. ಮತ್ತೆ ಮತ್ತೆ ಕೈಗೆತ್ತಿಕೊಳ್ಳುತ್ತಿರುವುದು ಮಾತ್ರ ಮಾಸ್ತಿಯವರದನ್ನು.

ಐತಿಹಾಸಿಕ ಕಾದಂಬರಿಗೆ ನಾನು ಇಡುವ ಪರೀಕ್ಷೆ ಒಂದೇ. ಕೊನೆ ಏನಾಗುತ್ತದೆಂದು ಓದುಗನಿಗೆ ಮೊದಲೇ ಗೊತ್ತಿರುತ್ತದೆ. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ಕೈಸೇರಿತು, 1834ರಲ್ಲಿ ಕೊಡಗು ಇಂಗ್ಲಿಷರ ಪಾಲಾಯಿತು. ಇಷ್ಟು ಗೊತ್ತಿದ್ದೂ ಓದುವಾಗ ‘ಈಗಲಾದರೂ ಇವನು ತಿದ್ದಿಕೊಂಡರೆ ರಾಜ್ಯ ಉಳಿದೀತು’ ಎಂದು ಅನ್ನಿಸಬೇಕು. ಹಾಗೆ ಅನ್ನಿಸದಿದ್ದರೆ ಅದು ಇತಿಹಾಸದ ಪಾಠಕ್ಕೆ ಸಂಭಾಷಣೆ ಜೋಡಿಸಿದಂತೆ ಆಗುತ್ತದೆ.

‘ಚಿಕವೀರ ರಾಜೇಂದ್ರ’ ಈ ಪರೀಕ್ಷೆಯಲ್ಲಿ ಪುಟಪುಟಕ್ಕೂ ಗೆಲ್ಲುತ್ತದೆ. ಮಾಸ್ತಿ ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸಿನಲ್ಲಿ ಸುಮಾರು ಮೂರು ದಶಕ ಅಧಿಕಾರಿಯಾಗಿದ್ದವರು. ಆಡಳಿತ ಹೇಗೆ ಕೆಡುತ್ತದೆ ಎಂಬುದನ್ನು ಅವರಷ್ಟು ಬಿಡಿಸಿ ತೋರಿಸಿದ ಕಾದಂಬರಿಕಾರರು ನಮ್ಮಲ್ಲಿ ಕಡಿಮೆ. ಕೆಡುಕು ಒಂದೇ ದಿನಕ್ಕೆ ಬರುವುದಿಲ್ಲ. ಕೊಡಗಿನ ಕೊನೆಯ ರಾಜ ಚಿಕವೀರ ಕುಡಿತಕ್ಕೆ, ಹೆಣ್ಣಿನ ಚಪಲಕ್ಕೆ ಬೀಳುತ್ತಾನೆ. ನಾಯಿ ನೋಡಿಕೊಳ್ಳುತ್ತಿದ್ದ ಕುಂಟ ಬಸವ ರಾಜನ ಬಾಲ್ಯದ ಒಡನಾಡಿಯೆಂಬ ಬಲದಿಂದ ಮಂತ್ರಿಯ ಸ್ಥಾನಕ್ಕೆ ಏರುತ್ತಾನೆ. ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ಎಂಬ ಇಬ್ಬರು ಹಿರಿಯ ಮಂತ್ರಿಗಳು ರಾಜನಿಗೆ ಹೇಳಬೇಕಾದದ್ದನ್ನು ತಮ್ಮತಮ್ಮಲ್ಲೇ ಹೇಳಿಕೊಳ್ಳುವಂತಾಗುತ್ತದೆ. ರಾಜ ಒಡಹುಟ್ಟಿದ ದೇವಮ್ಮಾಜಿಯನ್ನೇ ಸೆರೆಯಲ್ಲಿಡುತ್ತಾನೆ. ಅವಳ ಗಂಡ ಚೆನ್ನಬಸವಯ್ಯ ಇಂಗ್ಲಿಷರ ಮೊರೆಹೋಗುತ್ತಾನೆ. ಹೊರಗಿನವನು ಒಳಗೆ ಕಾಲಿಡಲು ಇಂಥ ಒಂದು ಮನೆಜಗಳವೇ ನೆಪ.

ಇಲ್ಲಿ ಗಮನಿಸಬೇಕಾದದ್ದು ಬೋಪಣ್ಣನ ಪಾತ್ರ. ಇತಿಹಾಸದಲ್ಲಿ ಇಂಗ್ಲಿಷ್ ಸೈನ್ಯವನ್ನು ಮಡಿಕೇರಿಗೆ ಕರೆತಂದವನು ಅಪ್ಪಾರಂಡ ಬೋಪು. ಬೇರೆ ಯಾರ ಕೈಯಲ್ಲಾದರೂ ಇವನು ನಾಡದ್ರೋಹಿಯಾಗಿಬಿಡುತ್ತಿದ್ದ. ಮಾಸ್ತಿ ಅವಸರ ಮಾಡುವುದಿಲ್ಲ. ನಿಷ್ಠೆ ಅರಸನಿಗೋ ನಾಡಿಗೋ ಎಂಬ ಪ್ರಶ್ನೆಯನ್ನು ಅವನೆದುರು ಮತ್ತೆ ಮತ್ತೆ ತಂದು ನಿಲ್ಲಿಸುತ್ತಾರೆ. ಪ್ರತಿಸಲವೂ ಅವನು ಅರಸನ ಕಡೆಗೇ ಒಂದು ಹೆಜ್ಜೆ ಹಿಂದಿರುಗುತ್ತಾನೆ, ಪ್ರತಿಸಲವೂ ಅರಸ ಆ ಹೆಜ್ಜೆಯನ್ನು ವ್ಯರ್ಥ ಮಾಡುತ್ತಾನೆ. ಕೊನೆಗೆ ಅವನು ತೀರ್ಮಾನಕ್ಕೆ ಬಂದಾಗ ಸರಿ ಎನ್ನುವ ಧೈರ್ಯವೂ ತಪ್ಪು ಎನ್ನುವ ಧೈರ್ಯವೂ ಓದುಗನಿಗೆ ಇರುವುದಿಲ್ಲ. ರಾಣಿ ಗೌರಮ್ಮನದು ಇದಕ್ಕೆ ಎದುರಾದ ಎತ್ತರ. ಗಂಡ ಎಂಥವನೆಂದು ಅವಳಷ್ಟು ಬಲ್ಲವರು ಅರಮನೆಯಲ್ಲಿ ಇನ್ನೊಬ್ಬರಿಲ್ಲ. ಆದರೂ ಅರಮನೆಯ ಮಾನ ಹಿಡಿದು ನಿಂತವಳು ಅವಳೊಬ್ಬಳೇ.

ಕೊರತೆಗಳೂ ಇವೆ. ರಾಜನ ಅನಾಚಾರದ ಪ್ರಸಂಗಗಳು ನಡುವೆ ಒಂದೇ ಧಾಟಿಯಲ್ಲಿ ಬರುತ್ತವೆ. ಇಂಗ್ಲಿಷ್ ಅಧಿಕಾರಿಗಳು ನಮ್ಮೂರ ಹಿರಿಯರ ಹಾಗೆ ತೂಗಿ ಅಳೆದು ಮಾತಾಡುತ್ತಾರೆ. ಕೊಡಗನ್ನಾಳಿದ ಹಾಲೇರಿ ಅರಸರ ಆಸ್ಥಾನ ಭಾಷೆ ಕನ್ನಡವೇ ಆಗಿದ್ದರಿಂದ ಅರಮನೆಯ ಮಾತು ಸಹಜವಾಗಿದೆ. ಕೊಡವರ ಮನೆಯೊಳಗಿನ ಮಾತಿಗೆ ಮಾತ್ರ ಅದರದೇ ಸದ್ದು ಬಂದಿಲ್ಲ.

ಇನ್ನು ‘ದುರ್ಗಾಸ್ತಮಾನ’. ಕಾದಂಬರಿ ದೊಡ್ಡದು, ದೊಡ್ಡದಾಗಿರಲು ಅರ್ಹವೂ ಹೌದು. ಆದರೆ ಇದನ್ನು ಕೊಳ್ಳುವ ಮುಂಚೆ ಒಂದು ತೊಡಕನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಬಹಳ ಜನ ನೂರು ಪುಟ ಓದಿ ಕೆಳಗಿಡುವುದು ಕಥೆ ಹಿಡಿಸದೆ ಅಲ್ಲ, ಹೆಸರುಗಳ ಗೋಜಲಿನಿಂದ.

ದುರ್ಗದ ನಾಯಕರ ಮನೆತನದಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ, ಹಿರಿಯರ ಹೆಸರು ದತ್ತು ಬಂದವನಿಗೆ. ಹೀಗಾಗಿ ಮದಕರಿ, ಓಬಣ್ಣ, ರಂಗಪ್ಪ, ಭರಮಣ್ಣ ಎಂಬ ನಾಲ್ಕೈದು ಹೆಸರುಗಳೇ ಒಂದೂವರೆ ಶತಮಾನ ತಿರುಗಾಡುತ್ತವೆ. ಓಬವ್ವ ಎಂಬ ಹೆಸರು ಅರಮನೆಯಲ್ಲೂ ಉಂಟು, ಕೋಟೆಯ ಕಾವಲುಗಾರನ ಮನೆಯಲ್ಲೂ ಉಂಟು. ಹಿರಿಯರೊಬ್ಬರು ಸಂಭಾಷಣೆಯಲ್ಲಿ ‘ಮದಕರಿನಾಯಕರ ಕಾಲದಲ್ಲಿ’ ಎಂದರೆ ಸಿಂಹಾಸನದ ಮೇಲೆ ಕೂತಿರುವವನೋ ಅವನ ಹಿಂದಿನವನೋ ಎಂದು ಪುಟ ತಿರುಗಿಸಿ ನೋಡಬೇಕಾಗುತ್ತದೆ. ನನ್ನ ಪ್ರತಿಯಲ್ಲಿ ವಂಶವೃಕ್ಷವೂ ಇಲ್ಲ, ಕೋಟೆಯ ನಕ್ಷೆಯೂ ಇಲ್ಲ. ಮರುಮುದ್ರಣ ಮಾಡುವವರು ಎರಡು ಪುಟ ಹೆಚ್ಚು ಹಾಕಿದರೆ ಸಾವಿರಾರು ಓದುಗರಿಗೆ ಉಪಕಾರವಾಗುತ್ತದೆ.

ಅಲ್ಲಿಯ ತನಕ ಓದುಗನೇ ಮಾಡಿಕೊಳ್ಳಬೇಕು. ಒಂದು ಹಾಳೆ ತೆಗೆದುಕೊಂಡು ನಾಲ್ಕು ಸಾಲು ಬರೆಯಿರಿ: ಬಿಳಿಚೋಡು ಭರಮಣ್ಣ ನಾಯಕ, 1689ರಿಂದ 1721. ಹಿರೇ ಮದಕರಿ ನಾಯಕ, 1721ರಿಂದ 1748. ಮಾಯಕೊಂಡದ ಯುದ್ಧದಲ್ಲಿ ಮಡಿದವನು. ಕಸ್ತೂರಿ ರಂಗಪ್ಪ ನಾಯಕ, 1748ರಿಂದ 1754, ಮಕ್ಕಳಿಲ್ಲ. ಕೊನೆಯ ಮದಕರಿ ನಾಯಕ, 1754ರಿಂದ 1779. ಜಾನಕಲ್ಲಿನಿಂದ ಬಂದ ಹುಡುಗ. ‘ದುರ್ಗಾಸ್ತಮಾನ’ ಶುರುವಾಗುವುದು ಮೂರನೆಯವನ ಸಾವಿನಿಂದ, ನಡೆಯುವುದೆಲ್ಲ ನಾಲ್ಕನೆಯವನ ಮೇಲೆ. ಈ ಹಾಳೆಯನ್ನು ಪುಸ್ತಕದಲ್ಲೇ ಇಟ್ಟುಕೊಂಡರೆ ಗೋಜಲು ಬಹುಪಾಲು ಬಿಡಿಸಿಕೊಳ್ಳುತ್ತದೆ. ಪ್ರಧಾನಿ, ದಳವಾಯಿ, ಗುರುಗಳ ಹೆಸರುಗಳನ್ನು ಸಿಕ್ಕ ಹಾಗೆ ಪಕ್ಕದಲ್ಲಿ ಬರೆದುಕೊಳ್ಳುತ್ತಾ ಹೋಗಿ.

ಅದೇ ಹಾಳೆಯ ಹಿಂಬದಿಗೆ ಕೋಟೆಯ ನೀರಿನ ದಾರಿ ಬರೆದುಕೊಳ್ಳಿ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹರಿದ ನೀರು ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರಿನ ಸಂತೆ ಹೊಂಡಕ್ಕೆ. ಮಳೆ ಕಡಿಮೆಯ ಸೀಮೆಯಲ್ಲಿ ಏಳು ಸುತ್ತಿನ ಕೋಟೆ ತಿಂಗಳುಗಟ್ಟಲೆ ಮುತ್ತಿಗೆ ತಡೆದುಕೊಂಡದ್ದು ಕಲ್ಲಿನ ಗೋಡೆಯೊಂದರಿಂದಲೇ ಅಲ್ಲ, ಈ ನೀರಿನಿಂದ ಮತ್ತು ಕಣಜಗಳಿಂದ. ಇದು ಗೊತ್ತಿದ್ದರೆ ಮುತ್ತಿಗೆಯ ಅಧ್ಯಾಯಗಳಿಗೆ ಬೇರೆಯೇ ತೂಕ ಬರುತ್ತದೆ.

ಎರಡನೆಯ ಗೊಂದಲ ಸರಣಿಯದು. ತ.ರಾ.ಸು. ದುರ್ಗದ ಮೇಲೆ ಬರೆದದ್ದು ಇದೊಂದೇ ಅಲ್ಲ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಒಂದು ಕಂತೆ. ಇವನ್ನು ಬಿಡಿಬಿಡಿಯಾಗಿ ಓದಬಾರದು. ಆಮೇಲೆ ‘ಹೊಸಹಗಲು’, ‘ವಿಜಯೋತ್ಸವ’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’. ಕೊನೆಯದು ‘ದುರ್ಗಾಸ್ತಮಾನ’. ನನ್ನ ಬಳಿ ಇರುವ ಪ್ರತಿಗಳ ಬೆನ್ನಿನ ಮೇಲೆ ಸರಣಿಯ ಸಂಖ್ಯೆ ಇಲ್ಲ, ಅಂಗಡಿಯಲ್ಲಿ ಯಾವುದೋ ಒಂದು ಸಿಗುತ್ತದೆ, ಜನ ಅದನ್ನೇ ಹಿಡಿದು ಕೂರುತ್ತಾರೆ. ‘ರಕ್ತರಾತ್ರಿ’ಯನ್ನು ಮೊದಲು ಓದಿದರೆ ದಳವಾಯಿ ಮುದ್ದಣ್ಣನ ಸಂಚಿನ ಬೇರು ಎಲ್ಲಿದೆ ಎಂದೇ ತಿಳಿಯದು. ‘ದುರ್ಗಾಸ್ತಮಾನ’ವನ್ನು ಮಾತ್ರ ಒಂಟಿಯಾಗಿ ಓದಲು ಅಡ್ಡಿಯಿಲ್ಲ, ಮೇಲಿನ ಹಾಳೆ ಜೊತೆಗಿದ್ದರೆ.

ತೊಡಕು ದಾಟಿದ ಮೇಲೆ ಸಿಗುವುದು ದೊಡ್ಡ ಓದು. ಒಂದು ಕಡೆ ಮರಾಠರು, ಇನ್ನೊಂದು ಕಡೆ ಹೈದರ್. ಒಬ್ಬರಿಗೆ ಕಪ್ಪ ಕೊಟ್ಟರೆ ಇನ್ನೊಬ್ಬರಿಗೆ ಶತ್ರು. ಹೈದರನ ಬೆಂಬಲಕ್ಕೆ ದಂಡು ಕಳಿಸಿದ ದುರ್ಗದ ಮೇಲೆಯೇ ಹೈದರನ ಕಣ್ಣು ಬೀಳುವ ಬಗೆಯನ್ನು ತ.ರಾ.ಸು. ಚೆನ್ನಾಗಿ ಕಟ್ಟಿದ್ದಾರೆ. ಚಳ್ಳಕೆರೆ ತಾಲ್ಲೂಕಿನ ತಳುಕಿನವರು, ಕೋಟೆಯ ಕಲ್ಲುಕಲ್ಲೂ ಅವರಿಗೆ ಪರಿಚಿತ. ಆದರೆ ಸಂಭಾಷಣೆ ವೃತ್ತಿರಂಗಭೂಮಿಯ ಎತ್ತರದ ದನಿಯಲ್ಲಿದೆ. ಮದಕರಿಯ ಮೇಲಿನ ಪ್ರೀತಿ ಎಷ್ಟು ಗಾಢವೆಂದರೆ ಅವನ ತಪ್ಪುಗಳೂ ಶೌರ್ಯದ ಬಣ್ಣ ಹೊದ್ದೇ ಬರುತ್ತವೆ. ಮಾಸ್ತಿ ತಮ್ಮ ರಾಜನಿಗೆ ಮರುಕ ತೋರಿಸುತ್ತಾರೆಯೇ ಹೊರತು ವಕಾಲತ್ತು ವಹಿಸುವುದಿಲ್ಲ. ನನ್ನ ತಕ್ಕಡಿ ಅವರ ಕಡೆಗೆ ವಾಲಿರುವುದು ಮುಖ್ಯವಾಗಿ ಈ ಕಾರಣಕ್ಕೆ.

‘ನಾಗರಹಾವು’ ಚಿತ್ರದಲ್ಲಿ ಜಯಂತಿ ಮಾಡಿದ ಒನಕೆ ಓಬವ್ವನನ್ನು ನೆನೆದು ಈ ಪುಸ್ತಕ ಎತ್ತಿಕೊಳ್ಳುವವರಿಗೆ ಒಂದು ಮಾತು: ಕಾದಂಬರಿಯ ಕಣ್ಣೆಲ್ಲ ಮದಕರಿಯ ಮೇಲೆ.

‘ತೇಜೋ ತುಂಗಭದ್ರಾ’ ಓಡುವ ಓದು. ಮೂರರಲ್ಲಿ ಬಲು ಬೇಗ ಮುಗಿಯುವುದು ಇದೇ, ಇಪ್ಪತ್ತರ ಹರೆಯದವರಿಗೆ ಕೊಡಲು ಇದೇ ಸರಿ. ಅರಸನ ಕಥೆಯನ್ನು ಬದಿಗಿಟ್ಟು ಲಿಸ್ಬನ್ನಿನ ಗೇಬ್ರಿಯಲ್–ಬೆಲ್ಲಾ, ವಿಜಯನಗರದ ಹಂಪಮ್ಮ–ಕೇಶವರ ಬದುಕನ್ನು ಮುಂದಿಟ್ಟದ್ದು ವಸುಧೇಂದ್ರರ ದೊಡ್ಡ ನಿರ್ಧಾರ. ಪೋರ್ಚುಗಲ್ಲಿನಲ್ಲಿ 1497ರಲ್ಲಿ ಯಹೂದಿಗಳನ್ನು ಬಲವಂತವಾಗಿ ಮತಾಂತರಿಸಿದ್ದು, 1506ರ ಲಿಸ್ಬನ್ ಹತ್ಯಾಕಾಂಡ, 1510ರಲ್ಲಿ ಅಲ್ಬುಕರ್ಕ್ ಗೋವಾ ಹಿಡಿದದ್ದು: ಕನ್ನಡದ ಓದುಗನಿಗೆ ಈ ಕಾಲಘಟ್ಟವನ್ನು ತುಂಗಭದ್ರೆಯ ದಡಕ್ಕೆ ಜೋಡಿಸಿ ಕೊಟ್ಟ ಕಾದಂಬರಿ ಇದು. ಹಡಗಿನ ಅಧ್ಯಾಯಗಳು ಬಹಳ ಗಟ್ಟಿ.

ಲೆಂಕರ, ಅಂದರೆ ಒಡೆಯನಿಗಾಗಿ ಪ್ರಾಣ ಕೊಡಲು ಹರಕೆ ಹೊತ್ತವರ, ಭಾಗ ಓದುವ ಮುಂಚೆ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಗರುಡಗಂಬವನ್ನು ನೆನೆಯಿರಿ. ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ ಅರಸನಿಗಾಗಿ ತನ್ನವರೊಡನೆ ಪ್ರಾಣ ಕೊಟ್ಟದ್ದನ್ನು ಹೇಳುವ ಶಾಸನ ಅದು. ವಿಜಯನಗರದ ಲೆಂಕನ ಪ್ರಸಂಗ ಅತಿಯಾಯಿತು ಎನ್ನುವವರಿಗೆ ಆ ಕಂಬವೇ ಉತ್ತರ.

ಇದನ್ನು ಎರಡನೆಯ ಸ್ಥಾನದಲ್ಲಿ ಇಟ್ಟದ್ದೇಕೆಂದರೆ, ಸಂಗ್ರಹಿಸಿದ ಮಾಹಿತಿ ಅಲ್ಲಲ್ಲಿ ಕಥೆಯ ಮೇಲೆ ತೇಲುತ್ತದೆ. ಕ್ರೌರ್ಯದ ಮೇಲೆ ಕ್ರೌರ್ಯ ಬಂದು ಎರಡನೆಯ ಅರ್ಧದಲ್ಲಿ ಓದುಗನ ಮನಸ್ಸು ಮರಗಟ್ಟುತ್ತದೆ. ಸಹಗಮನದಂಥ ಪ್ರಸಂಗಕ್ಕೆ ಸಿಗಬೇಕಾದ ಮೌನ ಸಿಗುವುದಿಲ್ಲ. ತಾನು ನಂಬಿದ ದೇವರನ್ನು, ಹೆಸರನ್ನು ಬಿಟ್ಟು ‘ಅಮ್ಮದಕಣ್ಣ’ನಾಗುವ ಗೇಬ್ರಿಯಲ್‌ನ ಒಳತೋಟಿಗೆ ಇನ್ನಷ್ಟು ಪುಟ ಬೇಕಿತ್ತು.

ಭೈರಪ್ಪನವರ ‘ಸಾರ್ಥ’ವನ್ನು ಈ ಸಾಲಿನಲ್ಲಿ ಸೇರಿಸಲಿಲ್ಲ. ಎಂಟನೆಯ ಶತಮಾನದ ವಾದ–ಪ್ರತಿವಾದಗಳಲ್ಲಿ ಆಸಕ್ತಿ ಇರುವವರಿಗೆ ಅದು ಬೇರೆಯೇ ಬಗೆಯ ಓದು.

ನನ್ನ ಓದು ರಾತ್ರಿ ಊಟವಾದ ಮೇಲೆ ಮಲಗುವ ತನಕ. ಅಷ್ಟು ಹೊತ್ತಿನಲ್ಲಿ ಒಂದು ಅಧ್ಯಾಯ ಮುಗಿಯಬೇಕು, ಮರುದಿನ ಹಿಂದಿನದನ್ನು ತಿರುವಿ ಹಾಕುವಂತಿರಬಾರದು. ಮಾಸ್ತಿಯವರ ಪುಟ್ಟ ವಾಕ್ಯ, ಅಚ್ಚುಕಟ್ಟಾದ ಪ್ರಸಂಗ ಇದಕ್ಕೆ ಹೊಂದುತ್ತದೆ. ‘ದುರ್ಗಾಸ್ತಮಾನ’ಕ್ಕೆ ದಸರೆಯ ಇಲ್ಲವೇ ಬೇಸಿಗೆಯ ರಜೆ ಬೇಕು, ಮಲಗಿ ಓದಲು ಭಾರವೂ ಹೆಚ್ಚು. ಬಸ್ಸಿನಲ್ಲಿ, ಮೆಟ್ರೋದಲ್ಲಿ ಓದುವವರಿಗೆ ‘ತೇಜೋ ತುಂಗಭದ್ರಾ’.

ದುಡ್ಡಿನ ಲೆಕ್ಕಕ್ಕೆ ಬಂದರೆ, ‘ದುರ್ಗಾಸ್ತಮಾನ’ವನ್ನು ಮೊದಲು ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಕೇಳಿ ನೋಡಿ. ಹಿಡಿಸಿದರೆ ಸರಣಿಯನ್ನು ನವೆಂಬರಿನ ರಾಜ್ಯೋತ್ಸವದ ರಿಯಾಯಿತಿಯಲ್ಲಿ ಒಟ್ಟಿಗೆ ತನ್ನಿ. ಹಳೆಯ ಪುಸ್ತಕದ ಅಂಗಡಿಯಲ್ಲಿ ಇಂಥ ದಪ್ಪ ಪ್ರತಿ ಕೊಳ್ಳುವಾಗ ನಡುಪುಟಗಳನ್ನು ಬಿಡಿಸಿ ಹೊಲಿಗೆ ನೋಡಿ. ಬರೀ ಅಂಟು ಹಾಕಿದ್ದರೆ ಅರ್ಧ ಓದುವಷ್ಟರಲ್ಲಿ ಹಾಳೆ ಕಿತ್ತುಬರುತ್ತದೆ. ‘ಚಿಕವೀರ ರಾಜೇಂದ್ರ’ಕ್ಕೆ ಮಾತ್ರ ಕಾಯಬೇಡಿ, ಪೂರ್ತಿ ಬೆಲೆಗೇ ಕೊಳ್ಳಿ.

ಅದನ್ನು ಮುಗಿಸಿದ ಮೇಲೆ ಕೊಡಗಿನಲ್ಲಿ ಮುಂದೇನಾಯಿತು ಎಂಬ ಕುತೂಹಲ ಉಳಿದರೆ ನಿರಂಜನರ ‘ಸ್ವಾಮಿ ಅಪರಂಪಾರ’ ಮತ್ತು ‘ಕಲ್ಯಾಣಸ್ವಾಮಿ’ ಇವೆ. ರಾಜ ಗಡಿಪಾರಾದ ಮೂರೇ ವರ್ಷಕ್ಕೆ, 1837ರಲ್ಲಿ, ಅಮರಸುಳ್ಯದ ರೈತರು ಎದ್ದು ಮಂಗಳೂರಿನ ತನಕ ಹೋದ ದಂಗೆಯ ಕಥೆ. ಅರಮನೆಯ ಒಳಗಿನಿಂದ ಮಾಸ್ತಿ ಕಂಡದ್ದನ್ನು ನಿರಂಜನರು ಗದ್ದೆಯ ಬದುವಿನಿಂದ ಕಾಣುತ್ತಾರೆ. ಆದ್ದರಿಂದ ಓದಿನ ಕ್ರಮ ಇದೇ ಇರಲಿ: ಮೊದಲು ಮಾಸ್ತಿ, ಆಮೇಲೆ ನಿರಂಜನ.