ಪುಣೆಯ ಅಂಗನವಾಡಿ: ಮಗಳು ಆರು ತಿಂಗಳಿದ್ದಾಗಿನಿಂದ ಶಾಲೆ ಸೇರುವ ತನಕ ಬಳಸಿದ ಮೇಲೆ

ಪಿಂಪ್ರಿ-ಚಿಂಚವಡ ಕಡೆ ಇರುವ ಕನ್ನಡದವರು ಆಗಾಗ ಕೇಳುತ್ತಾರೆ, ಅಂಗನವಾಡಿಗೆ ಕಳಿಸಬಹುದಾ, ಇಲ್ಲ ದುಡ್ಡು ಕೊಟ್ಟು ಪ್ಲೇ ಸ್ಕೂಲ್‌ಗೇ ಹಾಕಬೇಕಾ ಅಂತ. ನನ್ನ ಅಂಕ ಐದಕ್ಕೆ ಮೂರೂವರೆ. ಆದರೆ ಅದು ಒಂದೇ ಸಮ ಮೂರೂವರೆ ಅಲ್ಲ. ಮೊದಲ ವರ್ಷಗಳಲ್ಲಿ ಐದು ಕೊಡುತ್ತಿದ್ದೆ, ನಡುವೆ ಒಂದೂ ಕೊಡುತ್ತಿರಲಿಲ್ಲ. ಜಾಗ ಅದೇ, ಗೋಡೆ ಮೇಲಿನ ಚಿತ್ರ ಅದೇ, ಖಿಚಡಿಯೂ ಅದೇ. ಬದಲಾಗಿದ್ದು ತಾಈ ಮಾತ್ರ. (ಇಲ್ಲಿ ಸೇವಿಕೆಗೆ, ಅಂದರೆ ಅಂಗನವಾಡಿ ಕಾರ್ಯಕರ್ತೆಗೆ, ಎಲ್ಲರೂ ತಾಈ ಅಂತಲೇ ಕರೆಯುತ್ತಾರೆ, ಮರಾಠಿಯಲ್ಲಿ ಅಕ್ಕ ಅಂತ ಅರ್ಥ.)

ಮೊದಲಿದ್ದ ತಾಈ ತೂಕದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ತಿಂಗಳಿಗೊಮ್ಮೆ ತೂಕ ಆಗಲೇಬೇಕು. ಚಪ್ಪಲಿ, ದಪ್ಪ ಬಟ್ಟೆ ತೆಗೆಸುತ್ತಿದ್ದರು. ಎರಡು ವರ್ಷದೊಳಗಿನ ಮಕ್ಕಳನ್ನು ಮಲಗಿಸಿ ಉದ್ದ ಅಳೆಯುತ್ತಿದ್ದರು, ದೊಡ್ಡವರನ್ನು ನಿಲ್ಲಿಸಿ. ಬರೀ ತೂಕ ನೋಡಿದರೆ ಮಗು ಕುಳ್ಳಾಗಿ ಉಳಿಯುತ್ತಿರುವುದು ಗೊತ್ತಾಗುವುದಿಲ್ಲ ಎಂದು ನನಗೆ ಹೇಳಿದ್ದೇ ಅವರು. ಒಮ್ಮೆ ಮಗಳಿಗೆ ಭೇದಿಯಾಗಿ ವಾಸಿಯಾದ ಮೇಲೂ ಎರಡು ತಿಂಗಳು ತೂಕ ಏರಲಿಲ್ಲ. ಬೆಳವಣಿಗೆ ಗುರುತಿಸುವ ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಇನ್ನೂ ಹಸಿರಲ್ಲೇ, ಅಂದರೆ ಸರಿಯಿರುವ ಪಟ್ಟಿಯಲ್ಲೇ ಇತ್ತು, ನಾನು ನೆಮ್ಮದಿಯಾಗಿದ್ದೆ. ಬಣ್ಣ ಅಲ್ಲ, ಗೆರೆ ಮಲಗಿದೆಯಾ ಏಳುತ್ತಿದೆಯಾ ನೋಡು ಅಂದರು. ಸಂಜೆ ಮನೆಗೇ ಬಂದು, ಮಗು ತಿನ್ನುವ ತಟ್ಟೆ ನೋಡಿ, ಅನ್ನ-ಸಾರು ತೆಳ್ಳಗಾಯಿತು, ಶೇಂಗಾ ಪುಡಿ ಹಾಕು, ಒಂದು ಚಮಚ ಎಣ್ಣೆ ಬೆರೆಸು, ಸ್ವಲ್ಪಸ್ವಲ್ಪವೇ ಐದು ಸಲ ಕೊಡು ಎಂದು ಹೇಳಿ ಹೋದರು. ಇಷ್ಟು ಯಾವ ಪ್ಲೇ ಸ್ಕೂಲ್ ಮಾಡುತ್ತದೆ ಹೇಳಿ.

ಪಕ್ಕದ ಮನೆಯ ಯಾದಗಿರಿಯವರ ಹುಡುಗನಿಗೆ ದಡಾರ-ರುಬೆಲ್ಲಾದ ಎರಡನೇ ಡೋಸು ಬಾಕಿ ಇದ್ದದ್ದನ್ನೂ ಅವರೇ ಹಿಡಿದರು. ಒಂಬತ್ತು ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಕೆಲಸಕ್ಕಾಗಿ ಊರಿಂದೂರಿಗೆ ಓಡಾಡುವವರಿಗೆ ಈ ಎರಡನೆಯದೇ ಬಿಟ್ಟುಹೋಗುವುದು.

ಭಾಷೆಯ ಚಿಂತೆ ಬೇಡ. ಮಕ್ಕಳಲ್ಲಿ ಕನ್ನಡ, ತೆಲುಗು, ಹಿಂದಿ ಎಲ್ಲಾ ಇತ್ತು. ಹಾಡು, ಕತೆ ಮರಾಠಿಯಲ್ಲಿ. ಆದರೂ ಬಾ, ಕೂಡು, ಅಳಬ್ಯಾಡ ಅನ್ನುವಷ್ಟು ನಮ್ಮ ಮಾತನ್ನು ತಾಈ ಕಲಿತುಕೊಂಡಿದ್ದರು.

ಆಮೇಲೆ ಅವರು ನಿವೃತ್ತರಾದರು. ಹೊಸಬರು ಬರಲಿಲ್ಲ. ಪಕ್ಕದ ಕೇಂದ್ರದ ಸೇವಿಕೆಗೇ ಹೆಚ್ಚುವರಿ ಚಾರ್ಜ್ ಕೊಟ್ಟರು. ಆಕೆ ಎರಡು ಕಡೆ ಓಡಬೇಕು, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಅನ್ನುವ ಸರ್ಕಾರಿ ಆ್ಯಪ್ ತುಂಬಬೇಕು. 2025ರ ಜುಲೈನಿಂದ ಮನೆಗೆ ಒಯ್ಯುವ ರೇಷನ್ನಿಗೆ ಮುಖ ಫೋಟೋ ಜೊತೆ ತಾಳೆಯಾಗಬೇಕು ಅಂತ ಬೇರೆ ಆಯಿತು. ನೆಟ್‌ವರ್ಕ್ ಇಲ್ಲ ಅಂದರೆ ಬಾಣಂತಿಯರ ಸಾಲು ಹಾಗೇ ನಿಂತಿರುತ್ತದೆ. ಮಕ್ಕಳು ಅಷ್ಟೊತ್ತೂ ಸುಮ್ನೆ ಕೂತಿರುತ್ತವೆ. ಒಂದು ತಿಂಗಳು ಮಗಳು ಜ್ವರ ಅಂತ ಹೋಗಿಯೇ ಇರಲಿಲ್ಲ, ಆದರೂ ಕಾರ್ಡಿನಲ್ಲಿ ತೂಕ ಬರೆದಿತ್ತು. ಸುಳ್ಳು ಅಂತ ಆಕೆಗೆ ಬೈಯಲು ನನಗೆ ಮನಸ್ಸು ಬರಲಿಲ್ಲ. ಇಬ್ಬರ ಕೆಲಸ ಒಬ್ಬಳ ತಲೆ ಮೇಲೆ ಹಾಕಿ, ಖಾನೆ ಖಾಲಿ ಇರಬಾರದು ಅಂದರೆ ಆಗುವುದೇ ಇದು, ಅಲ್ವಾ? ಆದರೆ ತೂಗದೆ ಬರೆದ ತೂಕ ಬರೆಯದೇ ಇರುವುದಕ್ಕಿಂತ ಅಪಾಯ, ಯಾಕೆಂದರೆ ಮೇಲೆ ಕೂತವರಿಗೆ ಎಲ್ಲಾ ಸರಿ ಕಾಣುತ್ತದೆ.

ಸಂಬಳದ ಮಾತೂ ಬರಬೇಕು ಇಲ್ಲಿ. ಸಂಬಳ ಅಂತಲೂ ಅಲ್ಲ, ಗೌರವಧನ. ಕೇಂದ್ರ ಸರ್ಕಾರ 2018ರಲ್ಲಿ ತನ್ನ ಲೆಕ್ಕದ್ದನ್ನು 3,000ದಿಂದ 4,500 ರೂಪಾಯಿಗೆ ಏರಿಸಿತು, ಉಳಿದದ್ದು ರಾಜ್ಯ ಸೇರಿಸುವುದು. 2023ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಸೇವಿಕೆಯರು, ಸಹಾಯಕಿಯರು ಮುಷ್ಕರ ಹೂಡಿದಾಗ ನಮ್ಮ ಚಾಳಿನಲ್ಲಿ ಕೆಲವರು ಗೊಣಗಿದರು. ನನಗೇನೋ ಅವರದ್ದೇ ಸರಿ ಅನಿಸಿತು.

ಊಟ ಸಾಧಾರಣ. 2023ರ ಆರಂಭದ ತನಕ ಇದ್ದ ನಿಯಮದ ಪ್ರಕಾರ ಮೂರರಿಂದ ಆರು ವರ್ಷದ ಮಗುವಿಗೆ ಇಲ್ಲಿಂದ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಸಿಗಬೇಕಿತ್ತು. ಅದಕ್ಕೆ 2017ರಲ್ಲಿ ನಿಗದಿ ಮಾಡಿದ್ದು ಎಂಟು ರೂಪಾಯಿ. ಎಂಟು ರೂಪಾಯಿಗೆ ಈಗ ಕಟಿಂಗ್ ಚಹಾ ಕೂಡ ಬರುವುದಿಲ್ಲ! ನಮ್ಮಲ್ಲಿಗೆ ಊಟ ಬಚತ್ ಗಟದ, ಅಂದರೆ ಸ್ವಸಹಾಯ ಸಂಘದ, ಹೆಂಗಸರ ಅಡುಗೆಮನೆಯಿಂದ ಬರುತ್ತಿತ್ತು. ಖಿಚಡಿ ನೀರಾದಾಗ ನಾವು ನಾಲ್ಕಾರು ತಾಯಂದಿರು ಸರದಿ ಹಾಕಿಕೊಂಡು ಹೋಗಿ, ರುಚಿ ನೋಡಿ, ವಹಿಯಲ್ಲಿ ಸಹಿ ಹಾಕತೊಡಗಿದೆವು. ಜಗಳ ಮಾಡಲಿಲ್ಲ. ನೀರಾಗಿದ್ದರೆ ನೀರಾಗಿದೆ ಅಂತ ತಾರೀಖು ಹಾಕಿ ಬರೆದೆವು. ಸ್ವಲ್ಪ ದಿನದಲ್ಲೇ ಬೇಳೆ ಕಾಣಿಸಿಕೊಂಡಿತು. ಇಂಡಿ ತಾಲೂಕಿನಲ್ಲಿರುವ ನನ್ನ ನಾದಿನಿಯ ಮಗುವಿಗೆ ಅಂಗನವಾಡಿಯಲ್ಲೇ ಮೊಟ್ಟೆ, ಹಾಲು ಸಿಗುತ್ತದೆ. ಆ ವಿಷಯದಲ್ಲಿ ನಮ್ಮ ಕರ್ನಾಟಕವೇ ವಾಸಿ.

ದೊಡ್ಡ ಕೊರತೆ ಸಮಯ. ಶಿಫ್ಟಿಗೆ ಹೋಗುವ ತಾಯಂದಿರಿಗೆ ಇದು ಸಾಲುವುದೇ ಇಲ್ಲ, ಮಧ್ಯಾಹ್ನದ ಮೇಲೆ ಮಗುವನ್ನು ಯಾರಾದರೂ ನೋಡಿಕೊಳ್ಳಬೇಕು. ಕೇಂದ್ರ ಸರ್ಕಾರದ ಪಾಲನಾ ಯೋಜನೆಯಲ್ಲಿ ದಿನಕ್ಕೆ ಏಳೂವರೆ ಗಂಟೆ, ತಿಂಗಳಿಗೆ 26 ದಿನ ಶಿಶುವಿಹಾರ ಅಂತಿದೆ. ನಮ್ಮ ಕೇಂದ್ರಕ್ಕೆ ಅದು ಬಂದಿಲ್ಲ. ಹತ್ತಿರದಲ್ಲಿ ಎಲ್ಲಾದರೂ ಇದ್ದರೆ ಮೊದಲು ಅಲ್ಲಿ ವಿಚಾರಿಸಿ.

ಹೊಸದಾಗಿ ಊರಿಂದ ಬರುವವರು ತಾಯಿ ಕಾರ್ಡನ್ನು ಪೆಟ್ಟಿಗೆಯಲ್ಲಿ ಇಡದೆ ಕೈಯಲ್ಲೇ ತನ್ನಿ. ಹೊರಡುವ ಮೊದಲು ಅಲ್ಲಿಯ ಅಂಗನವಾಡಿ ಟೀಚರಿಗೆ ಹೇಳಿ ಟ್ರ್ಯಾಕರಿನಲ್ಲಿ ಹೆಸರು ವರ್ಗ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಹೆಸರು ಅಲ್ಲೇ ಸಿಕ್ಕಿಕೊಂಡು ಇಲ್ಲಿ ರೇಷನ್ನಿಗೆ ಅಲೆದಾಟ. ಸೇರಿಸಿದ ಮೇಲೆ ತೂಕ ಮಾಡುವ ದಿನ ಯಾವುದು ಕೇಳಿ, ಆ ದಿನ ನೀವೇ ಹೋಗಿ ಪಕ್ಕದಲ್ಲಿ ನಿಲ್ಲಿ.